ಹೆಸರಿಗೆ ಓಗೊಡದ ಒಡಲುಗಳು: ಕೆಲವು ಜಾಂಬಿ ಚಿತ್ರಗಳು ಮತ್ತು ಶರೀರದ ಪುನರುತ್ಥಾನ

ಜಾರ್ಜ್ ರೊಮೆರೊ ೧೯೬೮ರಲ್ಲಿ ನಿರ್ದೇಶಿಸಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಲ್ಲಿ, ಸತ್ತವರು ಎದ್ದು ಬದುಕಿರುವವರನ್ನು ತಿನ್ನತೊಡಗಿದ ಇರುಳು, ದೂರದರ್ಶನದ ಪರದೆಯ ಮೇಲೆ ತಜ್ಞರೊಬ್ಬರು ಕಾಣಿಸಿಕೊಂಡು ಜನರಿಗೆ ತಿಳಿವಳಿಕೆ ಹೇಳುತ್ತಾರೆ. ಸತ್ತವರ ದೇಹಗಳನ್ನು ತಡಮಾಡದೆ ಬೀದಿಗೆ ಎಳೆದು ಸುಟ್ಟುಬಿಡಬೇಕು. ಶವಸಂಸ್ಕಾರವು ಕೊಡುವ ಸಾಂತ್ವನವನ್ನು, ಅದೂ ಅವರ ದೃಷ್ಟಿಯಲ್ಲಿ ಸಂದೇಹಾಸ್ಪದವಾದ ಸಾಂತ್ವನವನ್ನು, ದುಃಖದಲ್ಲಿರುವವರು ಬಿಟ್ಟುಕೊಡಬೇಕು. ಅದು ಬರಿಯ ಸತ್ತ ಮಾಂಸ, ಅಪಾಯಕಾರಿಯಾದ ಮಾಂಸ. ಈ ಮಾತನ್ನು ಅವರು ಕ್ರೌರ್ಯದಿಂದ ಆಡುವುದಿಲ್ಲ, ಆಡಳಿತದ ದನಿಯಲ್ಲಿ ಆಡುತ್ತಾರೆ. ೨೦೨೦ ಮತ್ತು ೨೦೨೧ರಲ್ಲಿ ನಮ್ಮ ಧರ್ಮಕೇಂದ್ರಗಳ ಸ್ಮಶಾನಗಳಲ್ಲಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಗಿದ ಒಡಲುಗಳಿಂದ ನಾಲ್ಕು ಮಾರು ದೂರ ನಿಂತು ಪ್ರಾರ್ಥನೆ ಹೇಳಿದ ಯಾವ ಗುರುವಿಗೂ ಆ ದನಿ ಅಪರಿಚಿತವಲ್ಲ.

ಇಂತಹ ಚಿತ್ರಗಳನ್ನು ಗುರುಮಠದ ಪತ್ರಿಕೆಯೊಂದು ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ನಮ್ಮ ಹಿರಿಯ ಓದುಗರು ಕೇಳಿಯಾರು. ಗುರುವಿದ್ಯಾರ್ಥಿಗಳು ದೀಪವಾರಿದ ಮೇಲೆ ಇವನ್ನು ನೋಡುತ್ತಾರೆಂಬುದು ನಮಗೆ ಗೊತ್ತು; ನಮಗೆ ಗೊತ್ತೆಂಬುದು ಅವರಿಗೂ ಗೊತ್ತು. ಆದರೆ ನಮ್ಮ ಕಾರಣ ಅದಲ್ಲ. ಪ್ರೇಷಿತರ ವಿಶ್ವಾಸಪ್ರಮಾಣದ ಕೊನೆಯಲ್ಲಿ ಶರೀರದ ಪುನರುತ್ಥಾನವನ್ನು ಒಪ್ಪಿಕೊಳ್ಳುತ್ತೇವೆ, ಒಪ್ಪಿಕೊಂಡು ಕುಳಿತುಕೊಳ್ಳುತ್ತೇವೆ. ಆ ವಾಕ್ಯವನ್ನು ಕುರಿತು ಪ್ರಬೋಧನೆ ಕೇಳಿದ ನೆನಪು ಎಷ್ಟು ಮಂದಿಗಿದೆ? ನಾವು ಬೋಧಿಸುವುದು ಆತ್ಮದ ಅಮರತ್ವವನ್ನು. ಒಡಲೇ ಏಳುವುದೆಂದರೆ ಏನು, ಎದ್ದರೆ ಯಾರು ಏಳುವುದು ಎಂಬ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳುತ್ತಿರುವ ಜನಪ್ರಿಯ ಕಲೆ ಸದ್ಯಕ್ಕೆ ಇದೊಂದೇ. ಈ ಬಗೆಯ ಚಿತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಕರುಳು, ರಕ್ತ, ಕಿರುಚಾಟಗಳ ರಾಶಿ ಎಂಬುದನ್ನು ಮರೆಮಾಚುವುದಿಲ್ಲ. ಉಳಿದ ಒಂದರಲ್ಲಿ ನಮ್ಮ ಪಾಠಪುಸ್ತಕಗಳು ಬಿಟ್ಟುಬಿಟ್ಟ ಏನೋ ಇದೆ.

ಕನ್ನಡದ ಓದುಗರಿಗೆ ಎದ್ದ ಹೆಣ ಹೊಸದೇನಲ್ಲ. ವಿಕ್ರಮನ ಹೆಗಲೇರಿದ ಬೇತಾಳನ ಕಥೆಗಳನ್ನು ಕೇಳಿ ಬೆಳೆದವರು ನಾವು. ಆದರೆ ಬೇತಾಳನು ಹೆಣವನ್ನು ಹೊಕ್ಕ ಪರಕೀಯ ಚೇತನ. ಅವನಿಗೆ ಮಾತುಂಟು, ತರ್ಕವುಂಟು, ಒಗಟು ಹೇಳುವ ಚಪಲವುಂಟು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಸಿದ ದೆವ್ವವೂ ಮನೆಯವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಿತ್ತಂತೆ. ಅದಕ್ಕೆ ಅಕ್ಷರ ಬರುತ್ತಿತ್ತು. ಬಾಗಿಲ ಮೇಲಿನ ಮಾತಿಗೆ ಮರ್ಯಾದೆ ಕೊಟ್ಟು ಹಿಂದಿರುಗುವ ಸೌಜನ್ಯವೂ ಇತ್ತು. ಜಾಂಬಿ ಇದರ ತಿರುಮುರುಗು. ದೆವ್ವವು ಒಡಲಿಲ್ಲದ ಹೆಸರಾದರೆ ಜಾಂಬಿಯು ಹೆಸರಿಲ್ಲದ ಒಡಲು. ಸಂತ ಥಾಮಸ್ ಅಕ್ವಿನಾಸರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವನ್ನು ವ್ಯಾಖ್ಯಾನಿಸುವಾಗ, ಆತ್ಮವು ಇಡೀ ಮನುಷ್ಯನಲ್ಲ, ಆತ್ಮ ಮಾತ್ರ ಉದ್ಧಾರವಾದರೆ ನಾನು ಉದ್ಧಾರವಾದಂತಾಗಲಿಲ್ಲ ಎಂಬ ಅರ್ಥದ ಮಾತನ್ನು ಹೇಳುತ್ತಾರೆ. ನಮ್ಮ ಭಕ್ತಿ ಒಂದು ಅರ್ಧವನ್ನು ಹಿಡಿದುಕೊಂಡಿದೆ. ಈ ಚಿತ್ರಗಳು ಇನ್ನೊಂದು ಅರ್ಧವನ್ನು ಹಿಡಿದುಕೊಂಡು ಅಂಜುತ್ತಿವೆ.

ಜಾಂಬಿಯ ತವರು ಹೈತಿ. ಆಫ್ರಿಕದಿಂದ ಸರಪಳಿಯಲ್ಲಿ ಬಂದವರು ಫ್ರೆಂಚರ ಕಬ್ಬಿನ ತೋಟಗಳಲ್ಲಿ ಸಾಯುವವರೆಗೆ ದುಡಿದ ನೆಲ ಅದು. ಅಲ್ಲಿ ಸಾವೊಂದೇ ಬಿಡುಗಡೆ. ಆ ಬಿಡುಗಡೆಯೂ ಸಿಗದೆ ಹೋದರೆ, ಮಂತ್ರ ಬಲ್ಲವನೊಬ್ಬ ಗೋರಿಯಿಂದ ಎಬ್ಬಿಸಿ ಮತ್ತೆ ದುಡಿಮೆಗೆ ಹಚ್ಚಿದರೆ ಎಂಬ ಭಯವೇ ಜಾಂಬಿಯಾಯಿತು. ಹೈತಿಯವನು ಹೆದರಿದ್ದು ಜಾಂಬಿಗಲ್ಲ, ತಾನು ಜಾಂಬಿಯಾಗುವುದಕ್ಕೆ. ೧೯೧೫ರಿಂದ ೧೯೩೪ರವರೆಗೆ ಅಮೆರಿಕದ ಸೈನ್ಯ ಆ ದ್ವೀಪವನ್ನು ಆಕ್ರಮಿಸಿಕೊಂಡಿದ್ದಾಗ, ೧೯೨೯ರಲ್ಲಿ ವಿಲಿಯಂ ಸೀಬ್ರೂಕ್ ಪ್ರಕಟಿಸಿದ ಪ್ರವಾಸಕಥನದ ಮೂಲಕ ಈ ಶಬ್ದ ಅಮೆರಿಕದ ಓದುಗರ ಕಿವಿಗೆ ಬಿತ್ತು. ೧೯೩೨ರಲ್ಲೇ ವಿಕ್ಟರ್ ಹಾಲ್ಪೆರಿನ್ ‘ವೈಟ್ ಜಾಂಬಿ’ ತೆಗೆದರು. ಬೆಲಾ ಲುಗೋಸಿಯ ಕಣ್ಣುಗಳನ್ನು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಆದರೆ ಸಕ್ಕರೆ ಗಾಣದ ಒಂದು ದೃಶ್ಯವಿದೆ. ಸತ್ತವರು ಗಾಣ ತಿರುಗಿಸುತ್ತಿದ್ದಾರೆ. ಒಬ್ಬ ಕಾಲು ಜಾರಿ ಗಾಣದೊಳಗೆ ಬೀಳುತ್ತಾನೆ. ಯಾರೂ ನಿಲ್ಲುವುದಿಲ್ಲ, ಗಾಣವೂ ನಿಲ್ಲುವುದಿಲ್ಲ.

ಹೆಚ್ಚು ಹೊತ್ತು ನಿಂತು ನೋಡಬೇಕಾದ ಚಿತ್ರ ೧೯೪೩ರ ‘ಐ ವಾಕ್ಡ್ ವಿತ್ ಎ ಜಾಂಬಿ’. ನಿರ್ಮಾಪಕ ವ್ಯಾಲ್ ಲ್ಯೂಟನ್ ಅವರಿಗೆ ಆರ್‌ಕೆಒ ಸಂಸ್ಥೆಯು ಮೊದಲು ಇಂತಹ ಬೀದಿಬದಿಯ ಶೀರ್ಷಿಕೆಯೊಂದನ್ನು ಕೈಗಿಟ್ಟು, ಚಿತ್ರ ಮಾಡಿಕೊಡಿ ಎನ್ನುತ್ತಿತ್ತು. ಅವರೂ ನಿರ್ದೇಶಕ ಜಾಕ್ ಟೂರ್ನರ್ ಅವರೂ ಸೇರಿ ಆ ಶೀರ್ಷಿಕೆಯ ಅಡಿಯಲ್ಲಿ ‘ಜೇನ್ ಐರ್’ ಕಾದಂಬರಿಯ ನೆರಳನ್ನು ವೆಸ್ಟ್ ಇಂಡೀಸಿನ ಕಲ್ಪಿತ ದ್ವೀಪವೊಂದಕ್ಕೆ ಒಯ್ದರು. ದ್ವೀಪದ ಹೆಸರು ಸಂತ ಸೆಬಾಸ್ಟಿಯನ್. ತೋಟದ ಮನೆಯ ಅಂಗಳದಲ್ಲಿ ಬಾಣಗಳು ನಾಟಿದ ಆ ಸಂತನ ಮರದ ಮೂರ್ತಿ ನಿಂತಿದೆ. ಅದು ಗುಲಾಮರನ್ನು ಹೊತ್ತು ತಂದ ಹಡಗಿನ ಮೂತಿಗೆ ಜೋಡಿಸಿದ್ದ ಮೂರ್ತಿ. ಹಡಗಿನ ತಳದಲ್ಲಿ ತಮ್ಮ ಹಿರಿಯರನ್ನು ಸರಪಳಿಯಲ್ಲಿ ಕಟ್ಟಿ ತಂದರೆಂದು ಗಾಡಿ ಹೊಡೆಯುವವನು ಹೇಳಿದಾಗ, ಹೊಸದಾಗಿ ಬಂದ ನರ್ಸ್ ಬೆಟ್ಸಿ, ಅಂತೂ ಚಂದದ ಜಾಗಕ್ಕೆ ಕರೆತಂದರಲ್ಲ ಎನ್ನುತ್ತಾಳೆ. ಅವನು ವಿನಯದಿಂದ, ನೀವು ಹಾಗೆಂದರೆ ಹಾಗೆಯೇ ಎಂದುಬಿಡುತ್ತಾನೆ. ಧರ್ಮಪ್ರಚಾರದ ಚರಿತ್ರೆಯ ಪಾಠಕ್ಕೆ ಈ ಅರ್ಧ ನಿಮಿಷ ಸಾಕು. ಅಲ್ಲಿನ ಜನ ಮಗು ಹುಟ್ಟಿದಾಗ ಅಳುತ್ತಾರೆ, ಸತ್ತವರನ್ನು ಹೂಳುವಾಗ ಸಂಭ್ರಮಿಸುತ್ತಾರೆ. ಪಾಸ್ಕದ ಹಿಗ್ಗಿಗೂ ಈ ಹಿಗ್ಗಿಗೂ ಇರುವ ಅಂತರವನ್ನು ಅಳೆಯುವುದು ಸುಲಭವಲ್ಲ; ಅಂತರ ಇಲ್ಲವೆನ್ನುವುದು ಅವರ ನೋವಿಗೆ ಮಾಡುವ ಅಪಚಾರ.

ಈ ಚಿತ್ರದಲ್ಲಿ ನಮ್ಮನ್ನು ಕಾಡುವ ಪಾತ್ರ ಮಾತಿಲ್ಲದ ಜೆಸ್ಸಿಕಾ ಅಲ್ಲ, ಅವಳ ಅತ್ತೆ ಶ್ರೀಮತಿ ರ‍್ಯಾಂಡ್. ಆಕೆ ಧರ್ಮಪ್ರಚಾರಕರೊಬ್ಬರ ವಿಧವೆ. ನೀರು ಕುದಿಸಿ ಕುಡಿಯಿರಿ ಎಂದು ತಾನು ಹೇಳಿದರೆ ಕೇಳದ ಜನ, ತಮ್ಮ ದೇವತೆ ಹೇಳಿದರೆ ಕೇಳುತ್ತಾರೆಂದು ಕಂಡುಕೊಂಡು, ವೂಡೂ ಗುಡಿಯ ಬಾಗಿಲ ಹಿಂದೆ ಕುಳಿತು ದೇವತೆಯ ದನಿಯಲ್ಲಿ ಔಷಧಿ ಹೇಳುತ್ತಾಳೆ. ಉದ್ದೇಶ ಒಳ್ಳೆಯದೇ. ಆದರೆ ಒಂದು ರಾತ್ರಿ ಕುಣಿತದ ನಡುವೆ, ತನ್ನ ಇಬ್ಬರು ಮಕ್ಕಳ ನಡುವೆ ಒಡಕು ತಂದ ಸೊಸೆಯನ್ನು ಜಾಂಬಿಯಾಗಿಸು ಎಂದು ಅದೇ ಬಾಯಿ ಬೇಡಿಕೊಂಡಿತೆಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. ತಾನು ನಂಬದ ಬಲವನ್ನು ಜನರ ಒಳಿತಿಗಾಗಿ ಬಳಸುತ್ತಿದ್ದೇನೆ ಎಂದುಕೊಂಡವಳನ್ನು ಆ ಬಲವೇ ಬಳಸಿಕೊಂಡಿತೋ, ಅಥವಾ ಜೆಸ್ಸಿಕಾಳನ್ನು ಆ ಸ್ಥಿತಿಗೆ ತಂದದ್ದು ವೈದ್ಯರು ಹೇಳುವ ಜ್ವರವೇ ಆಗಿದ್ದು ವಿಧವೆಯದು ಬರಿಯ ಪಾಪಪ್ರಜ್ಞೆಯೋ, ಚಿತ್ರ ತೀರ್ಮಾನಿಸುವುದಿಲ್ಲ. ಸಂಸ್ಕೃತ್ಯನುಸಂಧಾನವನ್ನು ಕುರಿತು ನಾವು ನಡೆಸುವ ವಿಚಾರಸಂಕಿರಣಗಳಲ್ಲಿ ಈ ಮುದುಕಿಗೊಂದು ಕುರ್ಚಿ ಹಾಕಬೇಕು. ದ್ವೀಪದ ಕಪ್ಪು ಜನರಿಗೆ ಚಿತ್ರ ಕೊಡುವ ಒಳಬದುಕು ಸಾಲದು ಎಂಬುದು ನಮ್ಮ ಆಕ್ಷೇಪ. ಅಡ್ಡದಾರಿಯಲ್ಲಿ ನಿಂತ ಕಾರೆಫೂರನ ಕಣ್ಣಿಗೆ ಕ್ಯಾಮರಾ ಹೆದರುತ್ತದೆಯೇ ಹೊರತು ಅವನು ಯಾರ ಮಗನೆಂದು ಕೇಳುವುದಿಲ್ಲ.

ಇಲ್ಲಿಯವರೆಗಿನ ಜಾಂಬಿ ಯಾರನ್ನೂ ತಿನ್ನುತ್ತಿರಲಿಲ್ಲ. ತಿನ್ನಿಸಿದವರು ರೊಮೆರೊ, ಅವರ ೧೯೬೮ರ ಚಿತ್ರದಲ್ಲಿ ಜಾಂಬಿ ಎಂಬ ಶಬ್ದವೇ ಇಲ್ಲವೆಂಬುದು ಬೇರೆ ಮಾತು. ಆಮೇಲೆ ಬಂದದ್ದೆಲ್ಲವೂ ತಿನ್ನುವ ಹೆಣಗಳ ಸಂತತಿ. ಇದನ್ನು ಕಂಡು, ಜಾಂಬಿ ಎಂದರೆ ಪರಮಪ್ರಸಾದದ ತಲೆಕೆಳಗು ರೂಪ ಎಂದು ಬರೆಯುವುದು ಈಚೆಗೆ ರೂಢಿಯಾಗಿದೆ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ವರ್ಷಕ್ಕೆರಡು ಬಾರಿ ಎದುರಾಗುತ್ತದೆ. ಹೋಲಿಕೆ ಚತುರವಾದುದು, ಆದರೆ ಅಗ್ಗದ್ದು. ಕ್ರೈಸ್ತರು ನರಮಾಂಸ ತಿನ್ನುತ್ತಾರೆಂದು ರೋಮಿನವರು ಆರೋಪಿಸಿದಾಗ ಆದಿ ಧರ್ಮಸಭೆ ಅದನ್ನು ಅಲಂಕಾರವೆಂದು ಆಸ್ವಾದಿಸಲಿಲ್ಲ. ಅದಕ್ಕಿಂತ ಸಂತ ಅಗಸ್ಟೀನರು ಎದುರಿಸಿದ ಒರಟು ಪ್ರಶ್ನೆ ಹೆಚ್ಚು ಪ್ರಯೋಜನಕಾರಿ. ‘ದೇವನಗರ’ದ ಇಪ್ಪತ್ತೆರಡನೆಯ ಸಂಪುಟದಲ್ಲಿ ಅವರು ಹಸಿವಿನಿಂದ ಕಂಗೆಟ್ಟವನೊಬ್ಬ ಮತ್ತೊಬ್ಬನ ಮಾಂಸವನ್ನು ತಿಂದರೆ, ಪುನರುತ್ಥಾನದ ದಿನ ಆ ಮಾಂಸ ಯಾರದು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ಮೊದಲು ಯಾರಲ್ಲಿ ಅದು ಮನುಷ್ಯನ ಮಾಂಸವಾಯಿತೋ ಅವನದು. ತಿಂದವನು ಸಾಲ ಪಡೆದವನು, ಹಿಂದಿರುಗಿಸಬೇಕು ಎಂಬುದು ಅವರ ಉತ್ತರದ ಸಾರ. ನಗುವವರು ನಗಬಹುದು. ಆದರೆ ಸುತ್ತುವರಿದು ಬರುವ ಗುಂಪಿನಲ್ಲಿ ಒಂದೊಂದು ಒಡಲೂ ಒಬ್ಬೊಬ್ಬರದು, ಒಡೆಯನಿಲ್ಲದ ಮಾಂಸ ಎಂಬುದು ಇಲ್ಲವೇ ಇಲ್ಲ ಎಂದು ಇಷ್ಟು ಮೊಂಡಾಗಿ ಹಿಡಿದವರು ಅವರು. ದೂರದರ್ಶನದ ಆ ತಜ್ಞರಿಗೆ ಕೊಡಬಹುದಾದ ಉತ್ತರ ಅಲ್ಲಿದೆ.

ಯುರೋಪಿನ ಕಥೋಲಿಕ ದೇಶಗಳು ಈ ಸಾಮಗ್ರಿಯನ್ನು ತಮ್ಮದೇ ಭೀತಿಗಳಿಗೆ ಒಗ್ಗಿಸಿಕೊಂಡವು. ಸ್ಪೇನಿನ ಅಮಾಂಡೊ ದೆ ಒಸ್ಸೊರಿಯೊ ೧೯೭೨ರಲ್ಲಿ ಆರಂಭಿಸಿದ ‘ಬ್ಲೈಂಡ್ ಡೆಡ್’ ಸರಣಿಯಲ್ಲಿ ಕಣ್ಣಿಲ್ಲದ ಟೆಂಪ್ಲರ್ ಯೋಧರು ಗೋರಿಗಳಿಂದೆದ್ದು, ನಿಧಾನಗತಿಯ ಕುದುರೆಗಳ ಮೇಲೆ, ಬದುಕಿರುವವರ ಸದ್ದನ್ನು ಹಿಂಬಾಲಿಸುತ್ತಾರೆ. ಫ್ರಾಂಕೊ ಆಳ್ವಿಕೆಯ ಸ್ಪೇನಿನಲ್ಲಿ ಶಿಲುಬೆ ತೊಟ್ಟ ಯೋಧರನ್ನು ಕುರುಡು ಹೆಣಗಳನ್ನಾಗಿ ತೋರಿಸಿದ್ದು ಧೈರ್ಯವೇ. ಕಥೆ ಮಾತ್ರ ಪೊಳ್ಳು, ಸ್ತ್ರೀಯರ ಮೇಲಿನ ಹಿಂಸೆಯನ್ನು ಅದು ಚಪ್ಪರಿಸುವ ರೀತಿ ಅಸಹ್ಯ. ಇಟಲಿಯ ಲೂಚಿಯೊ ಫುಲ್ಚಿ ಅವರ ‘ಸಿಟಿ ಆಫ್ ದಿ ಲಿವಿಂಗ್ ಡೆಡ್’ (೧೯೮೦) ಗುರುವೊಬ್ಬ ಸ್ಮಶಾನದಲ್ಲಿ ನೇಣು ಹಾಕಿಕೊಳ್ಳುವುದರಿಂದ ಆರಂಭವಾಗುತ್ತದೆ. ಅದರಿಂದ ನರಕದ ಬಾಗಿಲು ತೆರೆಯುತ್ತದೆ. ಸಕಲ ಸಂತರ ಹಬ್ಬದೊಳಗೆ ಮುಚ್ಚಬೇಕು. ಆ ಗುರು ಏಕೆ ಸತ್ತ, ಅವನ ಒಂಟಿತನ ಎಂತಹುದು ಎಂದು ಇಡೀ ಚಿತ್ರದಲ್ಲಿ ಒಬ್ಬರೂ ಕೇಳುವುದಿಲ್ಲ. ಉದ್ದೇಶಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿದ್ದ ೧೯೧೭ರ ಧರ್ಮಸಭಾ ಕಾನೂನಿನ ಲೋಕದಲ್ಲೇ ಫುಲ್ಚಿ ಇದ್ದಾರೆ. ೧೯೮೩ರ ಕಾನೂನು ಆ ನಿರಾಕರಣೆಯನ್ನು ಪಟ್ಟಿಯಿಂದ ತೆಗೆದಿದೆ. ನಮ್ಮ ಸಹೋದರ ಗುರುಗಳಲ್ಲಿ ಯಾರಾದರೂ ಹೀಗೆ ಹೋದಾಗ ನಾವು ಊಟದ ಮೇಜಿನಲ್ಲಿ ಆಡಿಕೊಳ್ಳುವ ಪಿಸುಮಾತು ಯಾವ ಇಸವಿಯದು ಎಂದು ಕೇಳಿಕೊಳ್ಳುವುದು ಒಳಿತು.

ಇವೆರಡರ ಗದ್ದಲದಿಂದ ಬಾಬ್ ಕ್ಲಾರ್ಕ್ ಅವರ ‘ಡೆತ್‌ಡ್ರೀಮ್’ಗೆ ಬಂದರೆ ಮನೆಯೊಳಗೆ ಬಂದಂತಾಗುತ್ತದೆ. ೧೯೭೪ರ ಈ ಚಿತ್ರಕ್ಕೆ ‘ಡೆಡ್ ಆಫ್ ನೈಟ್’ ಎಂಬ ಹೆಸರೂ ಇದೆ. ಅಗ್ಗದಲ್ಲಿ ತೆಗೆದದ್ದು, ಬಿಡುಗಡೆಯಾದಾಗ ಹೆಚ್ಚು ಮಂದಿ ನೋಡದ್ದು. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ೧೯೦೨ರಲ್ಲಿ ಬರೆದ ‘ಮಂಕೀಸ್ ಪಾ’ ಎಂಬ ಕಥೆಯಲ್ಲಿ, ಸತ್ತ ಮಗನನ್ನು ತಾಯಿ ಹರಕೆಯ ಬಲದಿಂದ ಹಿಂದಕ್ಕೆ ಕರೆಸುತ್ತಾಳೆ. ಬಾಗಿಲು ತಟ್ಟುವ ಸದ್ದು ಕೇಳಿದಾಗ ತಂದೆ ಇನ್ನೊಂದು ಹರಕೆಯಿಂದ ಅವನನ್ನು ಮರಳಿ ಕಳಿಸಿಬಿಡುತ್ತಾನೆ. ಕ್ಲಾರ್ಕ್ ಅವರ ಚಿತ್ರ ಬಾಗಿಲನ್ನು ತೆರೆಯುತ್ತದೆ. ವಿಯೆಟ್ನಾಮಿನ ಕಾಡಿನಲ್ಲಿ ಗುಂಡು ತಗುಲಿ ಆ್ಯಂಡಿ ಸಾಯುತ್ತಿರುವಾಗ ತಾಯಿಯ ದನಿ ಕೇಳಿಸುತ್ತದೆ: ನೀನು ಸಾಯಕೂಡದು, ಮಾತು ಕೊಟ್ಟಿದ್ದೀಯೆ. ಮಗ ಸತ್ತನೆಂಬ ಸೈನ್ಯದ ಸುದ್ದಿ ಮನೆ ತಲುಪುತ್ತದೆ. ತಾಯಿ ಒಪ್ಪುವುದಿಲ್ಲ. ನಡುರಾತ್ರಿ ಅವನು ಮನೆಗೆ ಬಂದು ನಿಲ್ಲುತ್ತಾನೆ. ಅಪ್ಪ, ಅಮ್ಮ, ತಂಗಿ ನಗುತ್ತಾರೆ, ಅಳುತ್ತಾರೆ. ಅವನು ಹೆಚ್ಚು ಮಾತಾಡುವುದಿಲ್ಲ. ಕತ್ತಲ ಕೋಣೆಯಲ್ಲಿ ತೂಗುಕುರ್ಚಿಯಲ್ಲಿ ಕುಳಿತು ತೂಗಿಕೊಳ್ಳುತ್ತಾನೆ. ಆ ಕಿರುಗುಟ್ಟುವಿಕೆಯೇ ಚಿತ್ರದ ಹಿನ್ನೆಲೆ ಸಂಗೀತವೆಂದರೂ ಸಲ್ಲುತ್ತದೆ. ಒಡಲು ಕೊಳೆಯದಿರಲು ಅವನಿಗೆ ಪರರ ರಕ್ತ ಬೇಕು. ಮಕ್ಕಳ ಕಣ್ಣೆದುರು ಮನೆಯ ನಾಯಿಯನ್ನು ಕತ್ತು ಹಿಸುಕಿ ಕೊಲ್ಲುತ್ತಾನೆ. ತಾಯಿ ಮಾತ್ರ, ಅವನಿಗೆ ಸ್ವಲ್ಪ ಸಮಯ ಬೇಕು ಎಂಬ ಧೋರಣೆಯಲ್ಲೇ ಇರುತ್ತಾಳೆ.

ತಂದೆತಾಯಿಯರಾಗಿ ಜಾನ್ ಮಾರ್ಲೆ ಮತ್ತು ಲಿನ್ ಕಾರ್ಲಿನ್ ನಟಿಸಿದ್ದಾರೆ. ಕಸಾವೆಟಿಸ್ ಅವರ ‘ಫೇಸಸ್’ (೧೯೬೮) ಚಿತ್ರದಲ್ಲೂ ಅವರು ಗಂಡಹೆಂಡಿರೇ. ಹಲವು ವರ್ಷಗಳ ದಾಂಪತ್ಯದಲ್ಲಿ ಉಳಿದುಹೋದ ಜಗಳಗಳನ್ನು ಅವರು ಊಟದ ಮೇಜಿಗೆ ತರುವ ರೀತಿಯಿಂದ, ಮಧ್ಯೆ ನುಸುಳುವ ಕೆಲವು ನಾಟಕೀಯ ಕೊಲೆಗಳನ್ನು ಸಹಿಸಿಕೊಳ್ಳಬಹುದು. ವೈದ್ಯನನ್ನು ಕೊಲ್ಲುವ ಮುನ್ನ ಆ್ಯಂಡಿ ಆಡುವ ಮಾತು, ನಾನು ನಿಮಗಾಗಿ ಸತ್ತೆ, ನೀವು ನನಗಾಗಿ ಸಾಯಬಾರದೇಕೆ ಎಂಬ ಅರ್ಥದ ಮಾತು, ಯುದ್ಧದ ಬಗ್ಗೆ ಆಡಿದ್ದು. ಕ್ರೈಸ್ತ ಕಿವಿಗೆ ಅದು ಬೇರೆಯಾಗಿಯೂ ಕೇಳಿಸುತ್ತದೆ: ಪರರಿಗಾಗಿ ಸತ್ತವನೊಬ್ಬ ಎದ್ದುಬಂದು ಲೆಕ್ಕ ಕೇಳುತ್ತಿದ್ದಾನೆ. ನಮ್ಮ ಪ್ರಭು ಎದ್ದುಬಂದಾಗ ಕೇಳಿದ್ದು, ಲೂಕನ ಪ್ರಕಾರ, ತಿನ್ನಲು ಏನಾದರೂ ಇದೆಯೇ ಎಂದು; ಯೊವಾನ್ನನ ಪ್ರಕಾರ ಕೆರೆಯ ದಂಡೆಯಲ್ಲಿ ಶಿಷ್ಯರಿಗಾಗಿ ತಾನೇ ಬೆಂಕಿ ಹೊತ್ತಿಸಿ ಮೀನು ಸುಟ್ಟಿಟ್ಟಿದ್ದ.

ಕೊನೆಗೆ ತಾಯಿಯೇ ಕಾರು ಓಡಿಸಿಕೊಂಡು ಅವನನ್ನು ಸ್ಮಶಾನಕ್ಕೆ ಕರೆತರುತ್ತಾಳೆ. ಅಲ್ಲಿ ಅವನು ತನ್ನ ಹೆಸರನ್ನು ತಾನೇ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾನೆ, ಆಳವಿಲ್ಲದ ಗುಂಡಿಯೊಂದನ್ನು ತೋಡಿಟ್ಟಿದ್ದಾನೆ. ಅದರೊಳಗೆ ಮಲಗಿ ಮಣ್ಣನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ತಾಯಿಗೆ ಆಗ ಅರ್ಥವಾಗುತ್ತದೆ. ಆಕೆಯೂ ಕೈಯಿಂದ ಮಣ್ಣು ಸುರಿಯುತ್ತಾಳೆ. ಸತ್ತವರ ಪೋಷಣೆ ಕುರಿತು ನೋಲದ ಪೌಲಿನಸರಿಗೆ ಬರೆದ ಪುಸ್ತಿಕೆಯಲ್ಲಿ ಅಗಸ್ಟೀನರು, ಹೂಳುವ ವಿಧಿಗಳು ಸತ್ತವರಿಗೆ ನೆರವಾಗುವುದಕ್ಕಿಂತ ಹೆಚ್ಚಾಗಿ ಬದುಕಿರುವವರಿಗೆ ಸಮಾಧಾನವೆನ್ನುತ್ತಾರೆ. ‘ಡೆತ್‌ಡ್ರೀಮ್’ ಇದಕ್ಕೊಂದು ತಿದ್ದುಪಡಿ ಸೂಚಿಸುವಂತಿದೆ: ಹೂಳುವುದು ಸತ್ತವರನ್ನು ನಮ್ಮ ಕೈಯಿಂದ ಬಿಡಿಸುವ ಕ್ರಿಯೆ. ಚಿತಾಭಸ್ಮವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ೨೦೧೬ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆ ಬಂದಾಗ ನಮ್ಮಲ್ಲಿ ಅನೇಕರು ಅದನ್ನು ನಿಷ್ಠುರವೆಂದರು. ನಾವೂ ಎಂದೆವು. ಈ ತಾಯಿಯನ್ನು ನೋಡಿದ ಮೇಲೆ ಅಷ್ಟು ಖಚಿತವಾಗಿ ಹೇಳಲಾರೆವು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನಾವಿದ್ದ ಹಳ್ಳಿಯ ಧರ್ಮಕೇಂದ್ರದಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಕೆರೆಯಲ್ಲಿ ಮುಳುಗಿ ಸತ್ತ. ಹೊಸದಾಗಿ ದೀಕ್ಷೆ ಪಡೆದ ಹುರುಪಿನಲ್ಲಿ, ಅಳುತ್ತಿದ್ದ ತಾಯಿಯನ್ನು ನೋಡಲಾಗದೆ, ಶವಸಂಸ್ಕಾರದ ಪ್ರಬೋಧನೆಯಲ್ಲಿ ನಾವು ಬಾಯಿಗೆ ಬಂದ ಸಾಂತ್ವನ ಹೇಳಿದೆವು: ಅವನು ಎಲ್ಲಿಗೂ ಹೋಗಿಲ್ಲ, ನಿಮಗೆ ಮರಳಿ ಸಿಗುತ್ತಾನೆ, ಕಾಯುತ್ತಿರಿ. ತಿಂಗಳ ಬಲಿಪೂಜೆಯ ಹೊತ್ತಿಗೆ ಅವನ ತಂದೆ ಬಂದು, ಒಮ್ಮೆ ಮನೆಗೆ ಬರಬೇಕು ಎಂದರು. ಹೋದೆವು. ಬಾಗಿಲ ಬಳಿ ಹುಡುಗನ ಚಪ್ಪಲಿಗಳು ಮೂತಿ ಒಳಮುಖ ಮಾಡಿಕೊಂಡು ಕುಳಿತಿದ್ದವು, ಈಗಷ್ಟೇ ಬಂದವನು ಬಿಟ್ಟಂತೆ. ತಾಯಿ ನಮಗೆ ಚಹಾ ಕೊಟ್ಟು ಕೇಳಿದ್ದು ಒಂದೇ ಪ್ರಶ್ನೆ: ಬರುವಾಗ ಅವನಿಗೆ ನೀರಿನ ಭಯ ಇರುತ್ತದೆಯೇ ಫಾದರ್? ನಮ್ಮಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದು ಬಂದೆವು. ನಾವು ಆಕೆಗೆ ಬೋಧಿಸಿದ್ದು ಪುನರುತ್ಥಾನವನ್ನಲ್ಲ. ಬಾಗಿಲು ತಟ್ಟುವ ಆ್ಯಂಡಿಯನ್ನು.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಚಿತ್ರವೆಂದರೆ ರೋಬಿನ್ ಕಾಂಪಿಯೊ ೨೦೦೪ರಲ್ಲಿ ತೆಗೆದ ‘ಲೆ ರೆವೆನಾಂ’, ಅಂದರೆ ‘ಮರಳಿ ಬಂದವರು’. ೨೦೧೨ರಲ್ಲಿ ಇದನ್ನು ಆಧರಿಸಿ ಬಂದ ಅದೇ ಹೆಸರಿನ ಧಾರಾವಾಹಿ ಪ್ರಸಿದ್ಧವಾಗಿ ಮೂಲವನ್ನು ಮರೆಸಿಬಿಟ್ಟಿದೆ. ಇದರಲ್ಲಿ ರಕ್ತವಿಲ್ಲ, ತಿನ್ನುವುದಿಲ್ಲ. ಫ್ರಾನ್ಸಿನ ಒಂದು ಊರು. ಸ್ಮಶಾನದ ಗೇಟಿನಿಂದ ಜನ ಹೊರಬರುತ್ತಿದ್ದಾರೆ. ಹೆಚ್ಚಿನವರು ಮುದುಕರು, ತಿಳಿಬಣ್ಣದ ಒಳ್ಳೆಯ ಉಡುಪಿನಲ್ಲಿ, ಅವಸರವಿಲ್ಲದೆ. ಕಳೆದ ಹತ್ತು ವರ್ಷಗಳಲ್ಲಿ ಸತ್ತವರೆಲ್ಲರೂ ಹೀಗೆ ಬಂದಿದ್ದಾರೆ. ನಗರಸಭೆ ಸಭೆ ಸೇರುತ್ತದೆ. ಇವರಿಗೆ ವಸತಿ ಎಲ್ಲಿ? ಕೆಲಸ? ಪಿಂಚಣಿ? ನಿರಾಶ್ರಿತರ ಶಿಬಿರದಂತಹ ಕೇಂದ್ರಗಳಲ್ಲಿ ಅವರನ್ನು ಇರಿಸುತ್ತಾರೆ, ಮನೆಯವರು ಬಂದು ಗುರುತಿಸಿ ಕರೆದೊಯ್ಯಬೇಕು. ಮೇಯರ್ ತನ್ನ ಮುದಿಹೆಂಡತಿಯನ್ನು ಕರೆದೊಯ್ಯುತ್ತಾನೆ. ಒಂದು ದಂಪತಿಗೆ ಪುಟ್ಟ ಮಗ ಮರಳುತ್ತಾನೆ. ರಾಶೆಲ್ ಎಂಬ ಯುವತಿ ಮಾತ್ರ ತನ್ನ ಪ್ರಿಯ ಮತಿಯೊನನ್ನು ಹುಡುಕಿಕೊಂಡು ಹೋಗುವುದಿಲ್ಲ.

ಮತ್ತಾಯನ ಶುಭಸಂದೇಶದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ, ಕ್ರಿಸ್ತನು ಪ್ರಾಣಬಿಟ್ಟ ಗಳಿಗೆಯಲ್ಲಿ ಸಮಾಧಿಗಳು ತೆರೆದವೆಂದೂ, ನಿದ್ರಿಸುತ್ತಿದ್ದ ಅನೇಕ ಪುನೀತರು ಎದ್ದು ಅವನ ಪುನರುತ್ಥಾನದ ಮೇಲೆ ಪವಿತ್ರ ನಗರವನ್ನು ಪ್ರವೇಶಿಸಿ ಹಲವರಿಗೆ ಕಾಣಿಸಿಕೊಂಡರೆಂದೂ ಹೇಳುವ ಎರಡು ವಚನಗಳಿವೆ. ಗರಿಗಳ ಭಾನುವಾರ ಆ ವಚನಗಳನ್ನು ಓದಿ ಮುಂದಕ್ಕೆ ಹೋಗುತ್ತೇವೆ. ಕಾಂಪಿಯೊ ಅವರ ಚಿತ್ರ ಅಲ್ಲೇ ನಿಲ್ಲುತ್ತದೆ. ಎದ್ದವರು ಊರೊಳಗೆ ಬಂದರು, ಸರಿ. ಅಂದು ಸಂಜೆ ಯಾರ ಮನೆಗೆ ಹೋದರು? ವಿಧವೆ ಮರುಮದುವೆಯಾಗಿದ್ದರೆ? ಸದುಕಾಯರು ಏಳು ಅಣ್ಣತಮ್ಮಂದಿರ ಹೆಂಡತಿಯ ಕಥೆ ಕಟ್ಟಿ ಯೇಸುವನ್ನು ಕೇಳಿದ್ದು ಕುಚೋದ್ಯಕ್ಕೆ. ಆದರೆ ಕುಚೋದ್ಯದೊಳಗಿನ ಪ್ರಶ್ನೆ ನಿಜವಾದದ್ದು.

ಮರಳಿ ಬಂದವರು ಸೌಮ್ಯರು, ಆದರೆ ಸ್ವಲ್ಪ ತಡವಾದವರು. ಕೇಳಿದ್ದಕ್ಕೆ ಒಂದು ಕ್ಷಣ ತಡೆದು ಉತ್ತರಿಸುತ್ತಾರೆ. ಮೈ ಬದುಕಿರುವವರಿಗಿಂತ ತಣ್ಣಗೆ. ಹೊಸದನ್ನು ಕಲಿಯಲಾರರು, ಹಳೆಯದನ್ನು ಪುನರುಚ್ಚರಿಸಬಲ್ಲರು. ಮತಿಯೊಗೆ ಹಳೆಯ ಹುದ್ದೆ ಕೊಟ್ಟರೆ ನಿಭಾಯಿಸಲಾರನೆಂದು ಕೆಳಗಿನ ಕೆಲಸಕ್ಕೆ ಹಾಕುತ್ತಾರೆ. ನಿದ್ರೆ ಇಲ್ಲ. ರಾತ್ರಿ ಮನೆಗಳಿಂದ ಹೊರಟು ಒಬ್ಬರನ್ನೊಬ್ಬರು ಕೂಡಿ ಎಲ್ಲಿಗೋ ನಡೆಯುತ್ತಾರೆ. ಅವರಿಗೆ ಬದುಕಿರುವವರು ಬೇಕಿಲ್ಲವೆಂಬುದು ಮೆಲ್ಲನೆ ಬದುಕಿರುವವರಿಗೆ ಹೊಳೆಯತೊಡಗುತ್ತದೆ. ಚಿತ್ರದಲ್ಲಿ ಭಯವೆಂಬುದೇನಾದರೂ ಇದ್ದರೆ ಅದು ಇಷ್ಟೇ. ಇಲ್ಲಿಯ ಒಡಲುಗಳು ಹೆಸರು ಕರೆದರೆ ಓಗೊಡುತ್ತವೆ, ಆದರೆ ಹಿಂದಿನವರು ಕರೆದಾಗ ಓಗೊಡುತ್ತಿದ್ದ ಅಭ್ಯಾಸದಿಂದ. ಚಿತ್ರ ನಿಧಾನ; ಕೊನೆಯ ಭಾಗದಲ್ಲಿ ಸೈನ್ಯ, ಸ್ಫೋಟ, ಸುರಂಗಗಳೆಲ್ಲ ಬಂದು ಕಥೆ ತನ್ನ ಮೇಲೆಯೇ ನಂಬಿಕೆ ಕಳೆದುಕೊಂಡಂತೆ ಕಾಣುತ್ತದೆ. ಸಿಟ್ಟಾಗುವ ಪ್ರೇಕ್ಷಕರನ್ನು ನಾವು ದೂಷಿಸುವುದಿಲ್ಲ. ಆದರೂ ರಾಶೆಲ್ ಮತ್ತು ಮತಿಯೊ ಒಂದೇ ಕೋಣೆಯಲ್ಲಿ ಕುಳಿತಿರುವ ದೃಶ್ಯಗಳಿಗೆ ಸಮಾನವಾದದ್ದನ್ನು ಈ ಬಗೆಯ ಚಿತ್ರಗಳಲ್ಲಿ ನಾವು ಬೇರೆ ಕಂಡಿಲ್ಲ. ಅವಳು ಅವನನ್ನು ಪ್ರೀತಿಸುತ್ತಾಳೆ, ಮುಟ್ಟುತ್ತಾಳೆ, ಮತ್ತು ಅವನು ಬರಬಾರದಿತ್ತೆಂದು ಅವಳಿಗೆ ಗೊತ್ತು.

ಲಾಜರನೂ ಹೀಗೆಯೇ ಮರಳಿ ಬಂದವನು. ಅವನು ಮತ್ತೊಮ್ಮೆ ಸಾಯಬೇಕಾಯಿತು. ಎದ್ದ ಮೇಲೆ ಅವನಾಡಿದ ಒಂದು ಮಾತನ್ನೂ ಯೊವಾನ್ನನು ದಾಖಲಿಸುವುದಿಲ್ಲ. ಯೇಸು ಅವನನ್ನು ಹೆಸರು ಹಿಡಿದು ಕರೆಯದೆ ಬರಿದೇ ಹೊರಗೆ ಬಾ ಎಂದಿದ್ದರೆ ಗೋರಿಗಳಲ್ಲಿದ್ದವರೆಲ್ಲರೂ ಎದ್ದುಬರುತ್ತಿದ್ದರೆಂದು ಪ್ರಬೋಧಕರು ಹೇಳುವ ವಾಡಿಕೆಯಿದೆ. ಹೇಳುವಾಗ ನಾವು ನಗಿಸುತ್ತೇವೆ; ರೊಮೆರೊ ಆ ನಗೆಚಾಟಿಕೆಯನ್ನೇ ಚಿತ್ರ ಮಾಡಿದರೆಂದು ತೋರುತ್ತದೆ. ಪಾಸ್ಕದ ಮುಂಜಾನೆ ನಡೆದದ್ದು ಬೇರೆ. ಮಗ್ದಲದ ಮರಿಯಳು ನೋಡಿ ಗುರುತಿಸಲಿಲ್ಲ. ಹೆಸರು ಹಿಡಿದು ಕರೆದಾಗ ಗುರುತಿಸಿದಳು, ಮತ್ತು ಕರೆದದ್ದು ಅವಳಲ್ಲ, ಅವನು. ಕೂಡಲೇ, ಹಿಡಿದುಕೊಳ್ಳಬೇಡ ಎಂಬರ್ಥದ ಮಾತು. ಆ್ಯಂಡಿಯ ತಾಯಿಯ ಕೂಗಿಗೂ ಆ ತೋಟದ ಕೂಗಿಗೂ ಇರುವ ವ್ಯತ್ಯಾಸ ಇದು: ಒಂದರಲ್ಲಿ ಬದುಕಿರುವವರು ಸತ್ತವನನ್ನು ತಮ್ಮೆಡೆಗೆ ಕರೆಯುತ್ತಾರೆ, ಇನ್ನೊಂದರಲ್ಲಿ ಎದ್ದವನು ಬದುಕಿರುವವಳನ್ನು ಕರೆಯುತ್ತಾನೆ.

ನೀರಿನ ಭಯದ ಪ್ರಶ್ನೆಗೆ ನಮ್ಮಲ್ಲಿ ಈಗಲೂ ಪೂರ್ಣ ಉತ್ತರವಿಲ್ಲ. ತೋಮನಿಗೆ ತೋರಿಸಿದ ಗಾಯಗಳಿದ್ದವು, ಅಂದರೆ ಸಾವಿನ ಗುರುತು ಅಳಿಸಿರಲಿಲ್ಲ. ಆದರೆ ಆ ಗಾಯಗಳು ನೋಯುತ್ತಿದ್ದವೆಂದು ಶುಭಸಂದೇಶ ಹೇಳುವುದಿಲ್ಲ. ಇಷ್ಟನ್ನಾದರೂ ಅಂದು ಆ ತಾಯಿಗೆ ಹೇಳಬಹುದಿತ್ತು. ನಮಗದು ತೋಚಿದ್ದು ಮೂರು ವರ್ಷ ಬಿಟ್ಟು, ಪರಲೋಕಶಾಸ್ತ್ರದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ. ಅಷ್ಟರಲ್ಲಿ ಆ ಕುಟುಂಬ ಊರು ಬಿಟ್ಟಿತ್ತು.

ತರಗತಿಯಲ್ಲಿ ಇವುಗಳಲ್ಲಿ ಯಾವುದನ್ನಾದರೂ ತೋರಿಸಬಯಸುವ ಅಧ್ಯಾಪಕರಿಗೆ ಒಂದೆರಡು ಮಾತು. ರೊಮೆರೊ ಅವರ ಚಿತ್ರದ ಶೀರ್ಷಿಕೆ ಬದಲಿಸುವಾಗ ವಿತರಕರು ಹಕ್ಕುಸ್ವಾಮ್ಯದ ಸೂಚನೆಯನ್ನು ಬಿಟ್ಟುಬಿಟ್ಟಿದ್ದರಿಂದ ಅದು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಯಿತು, ಸುಲಭವಾಗಿ ಸಿಗುತ್ತದೆ. ಟೂರ್ನರ್ ಅವರ ಚಿತ್ರ ಎಪ್ಪತ್ತು ನಿಮಿಷವೂ ಇಲ್ಲ, ಒಂದು ಸಂಜೆಗೆ ಹೇಳಿಸಿದಂತಿದೆ. ‘ಡೆತ್‌ಡ್ರೀಮ್’ ತೋರಿಸುವ ಮುನ್ನ, ಈಚೆಗೆ ಮನೆಯಲ್ಲಿ ಸಾವು ಕಂಡ ವಿದ್ಯಾರ್ಥಿಗಳಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ನಾವು ವಿಚಾರಿಸದೆ ತೋರಿಸಿ, ಒಬ್ಬನು ನಡುವೆ ಎದ್ದು ಹೊರಗೆ ಹೋದ ಮೇಲೆ ಎಚ್ಚೆತ್ತುಕೊಂಡೆವು. ‘ಲೆ ರೆವೆನಾಂ’ ನೋಡಿದ ಮೇಲೆ ಚರ್ಚೆಗೆ ಅರ್ಧ ಗಂಟೆ ಸಾಲದು. ನಮಗೆ ಎರಡು ತರಗತಿಗಳು ಬೇಕಾದವು, ಎರಡನೆಯದು ಪೂರ್ತಿಯಾಗಿ ಮತ್ತಾಯನ ಆ ಎರಡು ವಚನಗಳಲ್ಲೇ ಕಳೆಯಿತು.